ನಿನ್ನೆಯ ಗಾಳಿ ಓದಿದ ಬೆಳಿಗ್ಗೆ

ನಾನು ಆಗಿನ್ನೂ ಸಮುದ್ರ ಕಂಡವಳಲ್ಲ. ಬಿ.ಎಸ್‌ಸಿ. ಮುಗಿಸಿ ಗೋಕಾಕದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ನಮ್ಮೂರು ಕಲ್ಲೋಳಿಯಿಂದ ದಿನಾ ಬಸ್ಸು. ನಮ್ಮ ಮಾಲೀಕರ ಗೆಳೆಯರೊಬ್ಬರು ಕಾರವಾರದಲ್ಲಿ ಮೀನಿನ ಬೋಟು ಇಟ್ಟಿದ್ದರು. ಅವರಲ್ಲಿ ಫೋನಿತ್ತು, ಕಂಪ್ಯೂಟರ್ ಇರಲಿಲ್ಲ. ಹಾಗಾಗಿ ಸಮುದ್ರದ ಹವಾಮಾನದ ಫೈಲುಗಳನ್ನು ದಿನಾ ಬೆಳಿಗ್ಗೆ ನಾವೇ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುತ್ತಿದ್ದೆವು. ಫೈಲಿನ ಹೆಸರು ನೋಡಿದರೆ ಯಾವುದು ಯಾವ ದಿನದ್ದೆಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮು, ಬರೆದಿದ್ದೆ. ಅದು ಫೈಲು ಇಳಿಸಿದ ತಾರೀಖು ನೋಡಿ ಪಟ್ಟಿ ಮಾಡಿ, ಹೊಸದನ್ನು ಮೇಲಿಡುತ್ತಿತ್ತು. ಮೇಲಿನದನ್ನು ತೆರೆದು ಗಾಳಿಯ ವೇಗ, ಅಲೆಯ ಎತ್ತರ ಫೋನಿನಲ್ಲಿ ಓದುತ್ತಿದ್ದೆ. ಅದನ್ನು ಕೇಳಿ ಅವರು ಬೋಟು ಬಿಡುತ್ತಿದ್ದರು.

ಕಂಪ್ಯೂಟರಿನ ಗಡಿಯಾರದ ಸೆಲ್ಲು ಸತ್ತುಹೋಗಿತ್ತು. ಕರೆಂಟು ಹೋಗಿ ಬಂದರೆ ಅದಕ್ಕೆ ತಾರೀಖೇ ಮರೆತುಹೋಗುತ್ತಿತ್ತು. ಚಾಲೂ ಆಗುವಾಗ ತಾರೀಖು ಕೇಳುವಂತೆ ಮಾಡಿಟ್ಟು, ದಿನಾ ನಾನೇ ಹೊಡೆಯುತ್ತಿದ್ದೆ.

ಆ ದಿನ ಬಸ್ಸು ತಡವಾಯಿತು. ಮಾಲೀಕರೇ ಕಂಪ್ಯೂಟರ್ ಚಾಲೂ ಮಾಡಿ ಫೈಲು ಇಳಿಸಿದ್ದರು. ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ಸ್ಕ್ರಿಪ್ಟ್ ಓಡಿಸಿ ಮೇಲಿನದನ್ನು ಓದಿಬಿಟ್ಟೆ. ಗಾಳಿ ಕಡಿಮೆ, ಅಲೆ ಸಣ್ಣದು.

"ಹಂಗಾದ್ರ ನಮ್ಮ ತಮ್ಮನ್ನ ಕಳಸ್ತೇನ್ರಿ. ಅವನ ಜೋಡಿ ಐದ ಮಂದಿ ತಯಾರಾಗಿ ನಿಂತಾರ," ಎಂದರು ಕಾರವಾರದವರು.

ಫೋನಿಟ್ಟ ಮೇಲೆ ಏನೋ ಕಸಿವಿಸಿ. ನಿನ್ನೆ ಓದಿದ್ದನ್ನು ಬರೆದ ಚೀಟಿ ಮೇಜಿನ ಮೇಲಿತ್ತು. ಒಂದು ಅಂಕಿಯೂ ಬದಲಾಗಿರಲಿಲ್ಲ.

"ಸರ್, ನಿನ್ನೀದು ಇವತ್ತಿಂದು ಒಂದೇ ಐತ್ರಿ. ಎಲ್ಲೋ ತಪ್ಪಾಗೇತಿ."

"ಗೋಕಾಕ ಫಾಲ್ಸ್ ಬಿಟ್ಟ ನೀರ ನೋಡಿಲ್ಲ, ಸಮುದ್ರದ ತಪ್ಪ ತಗೀತಿ ಏನವಾ?" ಮಾಲೀಕರು ನಕ್ಕರು.

ಮೊದಲು ನನ್ನ ಸ್ಕ್ರಿಪ್ಟಿನ ಮೇಲೆ ಸಂಶಯ ಬಂತು. ಆಮೇಲೆ ಫೈಲು ಕಳಿಸುವವರ ಮೇಲೆ. ಕೊನೆಗೆ ಮಾಲೀಕರ ಮುಖ ನೋಡಿದೆ.

"ಮುಂಜಾನೆ ತಾರೀಖು ಹಾಕಿದ್ರೇನ್ರಿ?"

"ಹಾಕೀನಿ, ಹಾಕೀನಿ."

"ಖರೇನ್ರಿ?"

"ಅದೇನೋ ಕೇಳ್ತು, ಎಂಟರ್ ಒತ್ತಿದೆ. ಎಲ್ಲಾರೂ ಅದನ್ನ ಮಾಡ್ತಾರ."

ಪಟ್ಟಿಯ ತಳಕ್ಕೆ ಇಳಿದೆ. ತಾರೀಖು ಹೊಡೆಯದ್ದಕ್ಕೆ ಗಡಿಯಾರ ೧೯೮೦ಕ್ಕೆ ಹೋಗಿತ್ತು; ಇವತ್ತಿನ ಫೈಲು ಆ ತಾರೀಖು ಹೊತ್ತು ಎಲ್ಲಕ್ಕಿಂತ ಕೆಳಗೆ ಬಿದ್ದಿತ್ತು. ತೆರೆದರೆ, ಮಧ್ಯಾಹ್ನದಿಂದ ಬಿರುಗಾಳಿ.

ಕಾರವಾರದ ಲೈನು ಸಿಗಲೊಲ್ಲದು. ಎಷ್ಟು ಸಲ ಒತ್ತಿದೆನೋ. ಸಿಕ್ಕಾಗ ಬೋಟು ಹೊರಟು ಅರ್ಧ ತಾಸಾಗಿತ್ತು. ಅವರು ಬೈಯಲೂ ಇಲ್ಲ, ಫೋನು ಹಾಗೇ ಬಿಟ್ಟು ಬಂದರಿನ ವೈರ್‌ಲೆಸ್ಸಿಗೆ ಓಡಿದರು. ನಾನು ಫೋನು ಕಿವಿಗೊತ್ತಿಕೊಂಡು, ಅವರ ಖಾಲಿ ಕೋಣೆಯ ಫ್ಯಾನಿನ ಸದ್ದು ಕೇಳುತ್ತ ಕೂತೆ.

ಮೂರು ಗಂಟೆಗೆ ಸುದ್ದಿ ಬಂತು. ಬಹಳ ಹೊತ್ತಿನ ಮೇಲೆ ವೈರ್‌ಲೆಸ್ ಸಿಕ್ಕಿ ಬೋಟು ತಿರುಗಿತ್ತು. ದಡ ಕಾಣುವಾಗ ಗಾಳಿ ಹಿಡಿದು, ಅವರ ತಮ್ಮ ಬಿದ್ದು ಕೈ ಮುರಿದುಕೊಂಡಿದ್ದ. ಆರೂ ಮಂದಿ ಜೀವಂತ. ಆದರೆ ವೈರ್‌ಲೆಸ್ ಸಿಗದೇ ಹೋಗಿದ್ದರೆ? ಇಷ್ಟು ವರ್ಷಗಳಾದರೂ ಯೋಚನೆ ಅಲ್ಲಿಂದಲೇ ಶುರುವಾಗುತ್ತದೆ.

ಅವತ್ತೇ ಸ್ಕ್ರಿಪ್ಟ್ ತಿದ್ದಿದೆ, ಫೈಲಿನ ಒಳಗೆ ಬರೆದ ತಾರೀಖನ್ನೇ ಓದುವಂತೆ. ಮರುದಿನ ಕಾರವಾರದವರು ನಾನು ಓದಿದ್ದನ್ನೆಲ್ಲ ಕೇಳಿಸಿಕೊಂಡರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇನ್ನೊಬ್ರ ಕಡಿಂದ ಓದಸ್ರಿ."

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಮಾಲೀಕರು ಕನ್ನಡಕ ಹಾಕಿಕೊಂಡು, ತಾರೀಖಿನಿಂದ ಶುರುಮಾಡಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು.