ಹುಳ ಮುಟ್ಟಿತು

ಧಾರವಾಡದಿಂದ ಮದ್ದೂರಿಗೆ ಬಂದಿಳಿದ ದಿನ ಒಂದು ಮನೆಯ ಮುಂದೆ ನಿಂತು, "ಖೋಲಿ ಬಾಡಿಗಿಗೆ ಐತೇನ್ರಿ?" ಎಂದು ಕೇಳಿದೆ. ಆ ಮನೆಯಾಕೆ ಒಳಕ್ಕೆ ತಿರುಗಿ, "ಯಾವ್ದೋ ತೆಲುಗ್ರೆಣ್ಣು ಬಂದೈತೆ, ನೋಡಿ" ಎಂದಳು. ತೆಲುಗರಂತೆ! ಮೈಯೆಲ್ಲ ಉರಿದುಹೋಯಿತು. ಆದರೂ ಖೋಲಿ ಕೊಟ್ಟವಳು ಆಕೆಯೇ.

ಆಗ ಯುದ್ಧದ ಕಾಲ. ನಾನು ನರ್ಸು. ಹಳ್ಳಿಯ ಸೂಲಗಿತ್ತಿಯರಿಗೆ ಹಾವು ಕಡಿದಾಗಿನ ಆರೈಕೆ ಕಲಿಸಲು ಚಿತ್ರಗಳಿರುವ ಪುಟ್ಟ ಪುಸ್ತಕ ಬರೆಯುವುದು ನನ್ನ ಕೆಲಸ. ನಾಲೆ ನೀರು ಬಂದು ಎಲ್ಲೆಲ್ಲೂ ಕಬ್ಬು ಬೆಳೆದಿತ್ತು, ಕಬ್ಬಿನೊಳಗೆ ಹಾವು. ನಮ್ಮಲ್ಲಿ ರೊಟ್ಟಿ ಅಗಿದಷ್ಟೂ ರುಚಿ. ಇಲ್ಲಿ ಮುದ್ದೆ ಅಗಿದರೆ ನಗುತ್ತಾರೆ, ನುಂಗಬೇಕು. ಗಂಟಲಿಗೆ ಸಿಕ್ಕಿಸಿಕೊಂಡು ಒಬ್ಬಳೇ ನೀರು ಕುಡಿಯುತ್ತಿದ್ದೆ. ಕೇಳುವವರಿಲ್ಲದೆ, ಬರೆದ ಪಾಠವನ್ನು ಗೋಡೆಗೇ ಓದಿ ಹೇಳುತ್ತಿದ್ದೆ.

"ಹಾವು ಕಡಿದರೆ ರೋಗಿಯನ್ನು ನಡೆಸಬೇಡಿ, ಮಲಗಿಸಿಕೊಂಡೇ ಆಸ್ಪತ್ರೆಗೆ ಒಯ್ಯಿರಿ." ಇದು ಮೊದಲ ಪಾಠ. ಸೂಲಗಿತ್ತಿ ಸಣ್ಣಮ್ಮನಿಗೆ ಓದು ಬಾರದಿದ್ದರೂ ಇಡೀ ಪುಸ್ತಕ ಬಾಯಿಪಾಠವಾಗಿತ್ತು.

ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಪಾಠಕ್ಕೆ ಅಣಿಮಾಡುತ್ತಿದ್ದಾಗ ಹೆಂಗಸೊಬ್ಬಳು ಮಗಳ ಕೈಹಿಡಿದು ಓಡಿಬಂದಳು. "ಮಗೀಗೆ ಉಳ ಮುಟ್ಬುಡ್ತು ಕಣವ್ವಾ!"

ಕಂಬಳಿಹುಳ ಇರಬೇಕು ಎಂದುಕೊಂಡೆ. "ಇಷ್ಟಕ್ಯಾಕ ಅಳ್ತಿ? ಸುಣ್ಣಾ ಹಚ್ಚು ಹೋಗು" ಎಂದೆ. ನರ್ಸಮ್ಮನ ಮಾತಲ್ಲವೇ, ಆಕೆ ನಂಬಿದಳು. ಮಗುವನ್ನು ನಡೆಸಿಕೊಂಡೇ ಹೊರಟಳು.

ಎದುರಿಗೆ ಬಂದ ಸಣ್ಣಮ್ಮ ಕಿರುಚಿದಳು. "ಅಯ್ಯೋ, ಉಳ ಅಂದ್ರೆ ಆವು ಕಣ್ರವ್ವೋ! ಕಚ್ಚಿದ್ಮ್ಯಾಕೆ ಅದ್ರ ಎಸ್ರು ಯಾರಾನಾ ಎತ್ತಾರಾ?" ಮಗುವನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದಳು, ನನ್ನ ಪಾಠದಲ್ಲಿದ್ದ ಹಾಗೆಯೇ. ಪಾಠ ಬರೆದ ನಾನು ಗಾಡಿಯ ಹಿಂದೆ ಓಡಿದೆ.

ಎರಡು ದಿನ ಆಸ್ಪತ್ರೆಯಲ್ಲಿ ಆ ಮಗುವಿನ ಪಕ್ಕದಿಂದ ಏಳಲಿಲ್ಲ. ತಾಯಿ ಬೈಯುತ್ತಾಳೆಂದು ಕಾದೆ, ಬೈದರೆ ಸಾಕಿತ್ತು. ಅವಳು ತನ್ನ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ಮುಂದಿಟ್ಟಳು. "ಉಣ್ಣವ್ವ. ನಿಂಗ್ಯಾರವ್ರೆ ಇಲ್ಲಿ?"

ಅಗಿಯದೆ ನುಂಗಿದೆ. ಮೂರನೆಯ ದಿನ ಮಗು ಕಣ್ಣುಬಿಟ್ಟು ನೀರು ಕೇಳಿತು.

ಪಾಠದ ಮೊದಲ ಸಾಲನ್ನು "ಹುಳ ಮುಟ್ಟಿದರೆ" ಎಂದು ತಿದ್ದಿದೆ. "ಈಗ ನಮ್ ಪುಸ್ತ್ಕ ಆಯ್ತು ಬುಡಿ" ಎಂದಳು ಸಣ್ಣಮ್ಮ.

ರಜೆಗೆ ಧಾರವಾಡಕ್ಕೆ ಹೋದಾಗ ಹಿತ್ತಲಲ್ಲಿ ಅವ್ವನ ಕಾಲಬಳಿ ಹಾವು ಹರಿಯಿತು. "ಅವ್ವಾ, ಹುಳ!" ಎಂದು ಕೂಗಿದೆ. ಅವ್ವ ಸಾವಕಾಶವಾಗಿ ಸೀರೆ ಕೊಡವಿಕೊಂಡು, "ಎಲ್ಲೈತಿ ಹುಳಾ?" ಎಂದಳು. ಅಷ್ಟರಲ್ಲಿ ಪುಣ್ಯಕ್ಕೆ ಅದು ಬೇಲಿ ದಾಟಿತ್ತು. ಹಾವೆಂದು ತಿಳಿದ ಮೇಲೆ ಅವ್ವ ನನ್ನ ಮುಖವನ್ನೇ ನೋಡುತ್ತ ಕೇಳಿದಳು: "ಹಾವಿಗೆ ಹಾವು ಅನ್ನಾಕ ಬರೂದಿಲ್ಲೇನ? ಯಾ ಊರಾಕಿ ಆದಿ ನೀ?"

ನಗು ಬಂತು. ಆಮೇಲೆ ಒಳಗೆ ಹೋಗಿ ಅತ್ತೆ.