ಬೆಲ್ಲದ ವಾಸನೆಯ ಬಟ್ಟೆ

ಮಗುವಿನ ಕೆಳಗೆ ಹಾಸಿದ್ದ ಹಳೆಯ ಸೀರೆಯ ತುಂಡು ಒದ್ದೆಯಾಗಿತ್ತು. ಅದನ್ನು ತೆಗೆಯಲು ಬಗ್ಗಿದೆ. ಬೆಲ್ಲದ ಪಾಕ ತಳ ಹತ್ತಿದಾಗ ಬರುವಂಥ ವಾಸನೆ ಮೂಗಿಗೆ ಬಡಿಯಿತು. ಮಗು ಹುಟ್ಟಿ ಅಂದಿಗೆ ನಾಲ್ಕು ದಿನ.

ಅದು 1941ನೆಯ ಇಸವಿ. ಮದರಾಸಿನಲ್ಲಿ ವೈದ್ಯಕೀಯ ಓದು ಮುಗಿಸಿ, ಮಡಕಶಿರೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಬಂದು ನನಗೆ ಐದು ತಿಂಗಳಾಗಿತ್ತು. ಎಂಟು ಮಂಚ, ಒಬ್ಬ ನರ್ಸು, ಮೂತ್ರ ಪರೀಕ್ಷೆಗೆ ಬೇಕಾದಷ್ಟು ಗಾಜಿನ ಸಾಮಾನು, ಇಷ್ಟು ನನ್ನ ವಶದಲ್ಲಿದ್ದವು. ನನ್ನ ಊರು ರಾಯದುರ್ಗ. ಜಿಲ್ಲೆಯೂ ಬೇರೆ, ಮಾತಿನ ಧಾಟಿಯೂ ಬೇರೆ. ನಾನು "ಬರ್ರಿ, ಕೂಡ್ರಿ" ಎಂದರೆ ಇಲ್ಲಿನ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಮಗುವಿನ ತಾಯಿ ರತ್ನಮ್ಮ ರೊಳ್ಳದ ಹತ್ತಿರದ ಒಂದು ಹಳ್ಳಿಯವಳು. ಹತ್ತೊಂಬತ್ತು ವರ್ಷ. ಅವಳ ಜೊತೆ ಅತ್ತೆ ಹನುಮಕ್ಕ, ಹದಿನಾರು ವರ್ಷದ ತಂಗಿ ಗೌರಿ ಬಂದಿದ್ದರು. ಗಾಡಿಯಿಂದ ಇಳಿದ ಹನುಮಕ್ಕ ನನ್ನನ್ನೇ ಕೇಳಿದಳು:

"ಡಾಕ್ಟ್ರಮ್ಮ ಎಲ್ಲವ್ವ?"

"ನಾನs ರೀ."

"ನೀನಾ! ನಮ್ಮ ಗೌರಿ ಹಂಗಿದ್ದೀಯಲ್ಲೇ. ಕೂಸು ಹಿಡಿಯೋ ಕೈಯಾ ಇದು? ಮೊದ್ಲು ಎರಡು ಮುದ್ದೆ ಉಣ್ಣು."

ನರ್ಸು ನಕ್ಕಳು. ನಾನು ನಗಲಿಲ್ಲ. ನನಗೆ ಆಗ ಇಪ್ಪತ್ತೈದು. ಜನ ನನ್ನನ್ನು ಚಿಕ್ಕವಳೆಂದರೆ ಸಿಟ್ಟು ಬರುತ್ತಿತ್ತು.

ಕೇಸ್ ಶೀಟ್, ಅಂದರೆ ರೋಗಿಯ ಪೂರ್ವಾಪರ ಬರೆಯುವ ಹಾಳೆ, ತುಂಬುವಾಗ ಇದಕ್ಕೆ ಮುಂಚಿನ ಹೆರಿಗೆಯ ಬಗ್ಗೆ ಕೇಳಿದೆ. "ಒಂದು ಗಂಡಾಗಿತ್ತು. ಹನ್ನೊಂದು ದಿನ ಇತ್ತು. ಬಾಲಗ್ರಹ ಅಂದ್ರು" ಎಂದು ರತ್ನಮ್ಮ ನೆಲ ನೋಡುತ್ತಾ ಹೇಳಿದಳು. ಎಳೆಗೂಸಿಗೆ ಸೆಟೆತ ಬಂದು ಸತ್ತರೆ ಜನ ಹೇಳುವ ಹೆಸರು ಅದು. ಮನೆಯ ಹೆರಿಗೆ, ತೊಳೆಯದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದಿರುತ್ತಾರೆ, ಧನುರ್ವಾಯು ಆಗಿರುತ್ತದೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಈ ಸಲ ಏನೂ ಆಗಂಗಿಲ್ಲ" ಎಂದು ಮಾತು ಕೊಟ್ಟೆ.

ಹೆರಿಗೆ ಸುಲಭವಾಯಿತು. ಗಂಡು ಮಗು, ಆರು ಪೌಂಡು ಹತ್ತು ಔನ್ಸ್. ಮೂರು ದಿನ ಚೆನ್ನಾಗಿ ಹಾಲು ಕುಡಿಯಿತು. ರತ್ನಮ್ಮನ ಮುಖ ಅರಳಿತ್ತು.

ನಾಲ್ಕನೆಯ ದಿನ ಆ ವಾಸನೆ. ಹುಟ್ಟಿದ ಮಗುವಿನ ಬಾಯಿಗೆ ಅರಳೆಯ ಬತ್ತಿಯಿಂದ ಬೆಲ್ಲದ ನೀರು ಬಿಡುವ ರೂಢಿ ಈ ಕಡೆ ಎಲ್ಲ ಮನೆಗಳಲ್ಲೂ ಇದೆ. ವಾರ್ಡಿನಲ್ಲಿ ನಾನು ಅದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿದ್ದೆ. ಬಟ್ಟೆ ಹಿಡಿದು ತಿರುಗಿದರೆ ಹನುಮಕ್ಕ ಮಂಚದ ಪಕ್ಕದಲ್ಲೇ ನಿಂತಿದ್ದಳು.

"ಬೆಲ್ಲದ ನೀರು ಹಾಕೀರಿ. ಬ್ಯಾಡ ಅಂದಿರಲಿಲ್ಲೇನು ನಾನು?"

"ನಾನೇನೂ ಇಕ್ಕಿಲ್ಲ ಕಣವ್ವ."

"ಸುಳ್ಳು ಯಾಕ ಹೇಳ್ತೀರಿ? ವಾಸನಿ ಬರಾಕತ್ತೈತಿ."

ಅವಳು ನನ್ನ ಮುಖವನ್ನೇ ನೋಡಿ ಕೇಳಿದಳು: "ನಿಂಗೂ ಬಂತಾ ವಾಸ್ನೆ?"

ಆ ಪ್ರಶ್ನೆಯನ್ನು ನಾನು ಉದ್ಧಟತನವೆಂದು ತಿಳಿದೆ. ಅವಳನ್ನು ವಾರ್ಡಿನಿಂದ ಹೊರಗೆ ಕಳಿಸಿ, ಮಗುವನ್ನು ಮುಟ್ಟಕೂಡದೆಂದು ನರ್ಸಿಗೆ ಹೇಳಿದೆ. ಹನುಮಕ್ಕ ಹೋಗಿ ಅಂಗಳದ ಹೊಂಗೆ ಮರದ ಕೆಳಗೆ ಕೂತಳು.

ಐದನೆಯ ದಿನ ಮಗು ಮೊಲೆ ಹಿಡಿಯಲಿಲ್ಲ. ಆರನೆಯ ದಿನ ಅಳು ಕೀರಲಾಯಿತು. ಬೆನ್ನು ಬಿಲ್ಲಿನಂತೆ ಬಾಗಿತು. ಧನುರ್ವಾಯುವೇ ಎಂದು ಹೆದರಿ ನೋಡಿದೆ. ಆ ರೋಗದಲ್ಲಿ ದವಡೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಬಾಯಿ ಸಲೀಸಾಗಿ ತೆರೆಯುತ್ತಿತ್ತು, ಹೊಕ್ಕುಳೂ ಶುಭ್ರವಾಗಿತ್ತು. ಬಟ್ಟೆಯ ವಾಸನೆ ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು.

ಗಾಜಿನ ನಳಿಗೆ ಕಟ್ಟಿ ಮಗುವಿನ ಮೂತ್ರ ಹಿಡಿದು, ಬೆನೆಡಿಕ್ಟ್ ದ್ರಾವಣದ ಜೊತೆ ಕಾಯಿಸಿದೆ. ಮೂತ್ರದಲ್ಲಿ ಸಕ್ಕರೆಯಿದ್ದರೆ ನೀಲಿ ದ್ರಾವಣ ಹಸಿರಿಗೆ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಅದು ನೀಲಿಯಾಗಿಯೇ ಉಳಿಯಿತು. ಇನ್ನೊಂದು ಸಲ ಕಾಯಿಸಿದೆ. ನೀಲಿಯೇ.

ಬೆಲ್ಲದ ವಾಸನೆ ಇದೆ, ಸಿಹಿ ಇಲ್ಲ. ಹನುಮಕ್ಕ ಹೊರಗೆ ಕೂತು ಎರಡು ದಿನವಾಗಿತ್ತು. ಮಗುವಿನ ಹತ್ತಿರ ಬೆಲ್ಲ ಬಂದೇ ಇರಲಿಲ್ಲ. ಆ ವಾಸನೆ ಮಗುವಿನ ಮೈಯಿಂದಲೇ ಹುಟ್ಟುತ್ತಿತ್ತು. ನಳಿಗೆಯನ್ನು ಕೆಳಗಿಟ್ಟೆ.

ಅಂಗಳಕ್ಕೆ ಹೋಗಿ ಹನುಮಕ್ಕನ ಎದುರು ನೆಲದ ಮೇಲೆ ಕೂತೆ. "ತಪ್ಪಾತ್ರಿ ನಂದು" ಎಂದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಹಾಲು ಬಿಟ್ಟೈತಾ?"

"ಬಿಟ್ಟೈತ್ರಿ."

"ಬೆನ್ನು ಬಗ್ಗೈತಾ?"

ನಾನು ಹೌದೆಂದು ತಲೆಯಾಡಿಸಿದೆ.

"ನನ್ನವು ಎರಡು ಹಿಂಗೇ ಹೋದ್ವು. ರತ್ನಿ ಚೊಚ್ಚಲದ್ದೂ ಹಿಂಗೇ. ಇದು ನಾಕನೇದು ಕಣವ್ವ. ವಾಸ್ನೆ ಬಂತು ಅಂದ್ರೆ ಆಯ್ತು. ನಂಗೇ ಭ್ರಮೆ ಇರಬೌದು ಅಂದ್ಕೊಂಡಿದ್ದೆ. ನಿಂಗೂ ಬಂತು ಅಂದೆಯಲ್ಲ, ಅವತ್ತೇ ಕೈ ಬಿಟ್ಟೆ."

"ಮೊದಲs ಯಾಕ ಹೇಳಲಿಲ್ರಿ?"

"ಹೇಳಿದ್ರೆ ಬಂದುಬಿಡ್ತದೇನೋ ಅಂತ."

ಅವಳ ಗಂಡ ಮದುವೆಗೆ ಮುಂಚೆ ಅವಳಿಗೆ ಏನಾಗಬೇಕಿತ್ತು ಎಂದು ಕೇಳಿದೆ. ಸೋದರಮಾವ ಎಂದಳು. ರತ್ನಮ್ಮನ ಗಂಡ? "ನನ್ನ ದೊಡ್ಡ ಮಗ. ರತ್ನಿ ನನ್ನ ಮಗಳ ಮಗಳಲ್ವಾ. ಅವಳಿಗೂ ಸೋದರಮಾವನೇ."

ಆಗ ಹೊಳೆಯಿತು. ರತ್ನಮ್ಮ ಬಂದ ದಿನದಿಂದಲೂ ಅತ್ತೆಯನ್ನು "ಅಜ್ಜಿ" ಎನ್ನುತ್ತಿದ್ದಳು. ಮಗುವಿನ ಪರವಾಗಿ ಹಾಗೆನ್ನುತ್ತಾಳೆ ಎಂದುಕೊಂಡಿದ್ದೆ.

ಕಾಲೇಜಿನಲ್ಲಿ ಕೇಳಿದ್ದ ಪಾಠ ಇಷ್ಟು: ಕೆಲವು ದೋಷಗಳು ಒಂದು ವಂಶದ ರಕ್ತದಲ್ಲಿ ಅಡಗಿರುತ್ತವೆ. ಒಬ್ಬರಲ್ಲಿ ಮಾತ್ರ ಇದ್ದರೆ ಅವರಿಗೂ ತೊಂದರೆಯಿಲ್ಲ, ಅವರ ಮಕ್ಕಳಿಗೂ ಇಲ್ಲ. ತಾಯಿ ತಂದೆ ಇಬ್ಬರಲ್ಲೂ ಅದೇ ದೋಷವಿದ್ದರೆ ಕೆಲವು ಮಕ್ಕಳಲ್ಲಿ ಹೊರಬೀಳುತ್ತದೆ. ಒಂದೇ ಮನೆತನದೊಳಗೆ ಕೊಟ್ಟು ತಂದರೆ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಪರೀಕ್ಷೆಗೆ ಇದನ್ನು ಬರೆದು ನಾನು ಒಳ್ಳೆಯ ಅಂಕ ಪಡೆದಿದ್ದೆ. ಈ ಮಗುವಿನ ರೋಗಕ್ಕೆ ಹೆಸರೇನೆಂದು ಇಂದಿಗೂ ನನಗೆ ಗೊತ್ತಿಲ್ಲ. ಆಮೇಲೆ ಮದರಾಸಿನ ನನ್ನ ಗುರುಗಳಿಗೆ ಬರೆದು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ.

ಹನುಮಕ್ಕನನ್ನು ಒಳಗೆ ಕರೆದುಕೊಂಡು ಹೋಗಿ ಮಗುವನ್ನು ಅವಳ ಮಡಿಲಿಗೆ ಕೊಟ್ಟೆ. ನನ್ನಿಂದಾಗಿ ಅವಳು ಎರಡು ದಿನ ಕಳೆದುಕೊಂಡಿದ್ದಳು. ಹತ್ತನೆಯ ದಿನ ಮಧ್ಯಾಹ್ನ ಮಗು ಅದೇ ಮಡಿಲಲ್ಲಿ ತೀರಿಕೊಂಡಿತು. ರತ್ನಮ್ಮ ಅಳಲಿಲ್ಲ. "ಏನೂ ಆಗಲ್ಲ ಅಂದಿದ್ರಲ್ಲ ಅಮ್ಮ" ಎಂದಷ್ಟೇ ಹೇಳಿದಳು.

ಅವರು ಹೊರಡುವಾಗ ಹನುಮಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಗೌರಿನ ನನ್ನ ಚಿಕ್ಕ ಮಗನಿಗೆ ತಕ್ಕಳದು ಅಂತ ಮಾತಾಗೈತೆ. ಸೋಮವಾರ ವೀಳ್ಯದ ಶಾಸ್ತ್ರ. ತಕ್ಕಂಬೌದಾ?"

"ಹುಟ್ಟೋ ಕೂಸೆಲ್ಲ ಹಿಂಗs ಆಗತಾವ ಅನ್ನಂಗಿಲ್ರಿ. ಆದ್ರ ನಿಮ್ಮ ಮನಿಯಾಗ ನಾಕು ಆಗ್ಯಾವ. ಹೊರಗ ಕೊಡ್ರಿ ಆಕಿನ್ನ."

"ನಾನಂದ್ರೆ ಗಂಡಸ್ರು ಕೇಳಲ್ಲ. ಮುದುಕಿಗೆ ಅರಳುಮರಳು ಅಂತಾರೆ. ನೀನೇ ಬಂದು ಹೇಳು." ಆಮೇಲೆ ಕೇಳಿದಳು: "ನಿಂಗೆ ಗಂಡು ಗೊತ್ತಾಗೈತಾ?"

"ಆಗೈತ್ರಿ."

"ಯಾರು?"

ಗಂಟು ಕಟ್ಟುತ್ತಿದ್ದ ಗೌರಿಯೂ ತಲೆಯೆತ್ತಿ ನೋಡಿದಳು.

"ನಮ್ಮ ಸೋದರಮಾವ" ಎಂದೆ.

ಹನುಮಕ್ಕ ನಗಲಿಲ್ಲ, ಬೈಯಲೂ ಇಲ್ಲ. "ಮತ್ತೆ?" ಎಂದಳು ಅಷ್ಟೆ.

ನಾನು ಹುಟ್ಟುವ ಮೊದಲು ನಮ್ಮ ಅವ್ವನ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಅವ್ವ, ಅಪ್ಪ ಇಬ್ಬರೂ ಒಬ್ಬರಿಗೊಬ್ಬರು ಸೋದರತ್ತೆ-ಸೋದರಮಾವನ ಮಕ್ಕಳು. ಆ ಕೂಸುಗಳ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿದೆ ಎಂದುಕೊಂಡ ಕಡೆಯಲ್ಲೇ ಪ್ರಶ್ನೆ ಕೇಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿದ್ದು ಹೀಗೆ.

ಮರುದಿನ ಬೆಳಿಗ್ಗೆ ಬೇಗ ಆಸ್ಪತ್ರೆಗೆ ಹೋಗಿ, ಹೆರಿಗೆಯ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಒಂದು ಹೊಸ ಕಾಲಂ ಎಳೆದೆ: ಗಂಡ ಮದುವೆಗೆ ಮುಂಚೆ ಏನಾಗಬೇಕಿತ್ತು. ಆಮೇಲೆ ಅವ್ವನಿಗೆ ಕಾಗದ ಬರೆದೆ. ಆ ಎರಡು ಕೂಸುಗಳು ಎಷ್ಟು ದಿನ ಇದ್ದವು, ಹೇಗೆ ಹೋದವು ಎಂದು ಕೇಳಿದೆ. ಉತ್ತರ ಏನೇ ಬರಲಿ, ಮಾವನನ್ನು ನಾನು ಮದುವೆಯಾಗುವುದಿಲ್ಲ ಎಂದು ಕೆಳಗೆ ಸೇರಿಸಿದೆ. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ, ಜಟಕಾ ಹತ್ತಿ, ರೊಳ್ಳದ ಕಡೆಗೆ, ಹನುಮಕ್ಕನ ಹಳ್ಳಿಗೆ, ಹೊಡೆಯಲು ಹೇಳಿದೆ.