ಹತ್ತಿ ಹೊಲದ ನಡುವೆ ನಿಂತ ಟ್ರೇನು

ನನ್ನ ಗೆಳೆಯ ಗುರುಬಸಪ್ಪನ ಮೈಯೊಳಗೆ ಆಗಷ್ಟೇ ಚುಚ್ಚಿಕೊಂಡ ಇನ್ಸುಲಿನ್ ಇತ್ತು. ಬೆಳಗ್ಗೆ ತಿಂದ ಉಪ್ಪಿಟ್ಟು ಎಂದೋ ಕರಗಿಹೋಗಿತ್ತು. ಅವನ ಊಟದ ಡಬ್ಬಿ ನನ್ನ ತೊಡೆಯ ಮೇಲಿತ್ತು. ನಾನು ಟ್ರೇನಿನಲ್ಲಿದ್ದೆ, ಅವನು ಹಿಂದಿನ ಸ್ಟೇಷನ್ನಿನಲ್ಲಿದ್ದ, ಟ್ರೇನು ಹೊರಟಿತ್ತು. ಭಕ್ತ ಬಂಧುಗಳೇ, ನನ್ನ ಕಷ್ಟ ಇಷ್ಟೇ. ಆದರೆ ಇಂಥ ಕಷ್ಟ ನಿಮ್ಮ ಶತ್ರುವಿಗೂ ಬೇಡ.

ಇದು ತೊಂಬತ್ತಾರನೇ ಇಸವಿಯ ಅಕ್ಟೋಬರ್ ತಿಂಗಳಿನ ಮಾತು. ನಾನು ನಾಗರಾಜ, ಮೈಸೂರಿನವನು. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ ಬಹಳ ವರ್ಷ ಪ್ರೆಸ್ಸಿನಲ್ಲಿ ದುಡಿದು ಆಗ ತಾನೇ ರಿಟೈರ್ ಆಗಿದ್ದೆ. ನಮ್ಮ ಕಡೆಯ ದೇವಸ್ಥಾನದಲ್ಲಿ ನನ್ನನ್ನು ನೋಡಿದವರಿಗೆ ಗೊತ್ತು, ಪ್ರಸಾದದ ಸಾಲಿನಲ್ಲಿ ನಾನು ಮೊದಲು, ಆರತಿಯ ಸಾಲಿನಲ್ಲಿ ಕೊನೆ. ಜನರನ್ನು ಮಂಗ ಮಾಡುವುದರಲ್ಲಿ ನನ್ನಂಥವನು ಮೂರು ರಾಜ್ಯದಲ್ಲಿ ಇಲ್ಲ. ಯುಗಾದಿಯ ದಿನ ಬೇವಿನ ಜೊತೆ ಬೆಲ್ಲದ ಬದಲು ಸೋಪಿನ ಚೂರು ಇಟ್ಟವನು ಯಾರೆಂದು ಇನ್ನೂ ಹುಡುಕುತ್ತಿರುವವರಿದ್ದಾರೆ. ಹುಡುಕಲಿ.

ಗುರುಬಸಪ್ಪ ಗದಗಿನವನು. ಮೈಸೂರಿನ ಕಾಲೇಜಿನಲ್ಲಿ ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಆ ವರ್ಷ ಅವನು ಮಗಳು ಸವಿತಾಳ ಮನೆಗೆಂದು ಮೊದಲ ಬಾರಿ ಅಮೆರಿಕಕ್ಕೆ ಬಂದಿದ್ದ. ಬಂದ ವಾರದಲ್ಲೇ ನನಗೆ ಫೋನ್ ಮಾಡಿದ.

"ಲೇ ನಾಗ್ಯಾ, ಇಲ್ಲಿ ಮಂದಿ ಮನ್ಯಾಗ ಕುಂತು ಟೀವಿ ನೋಡ್ತಾರ, ಇಲ್ಲಾ ಕಾರಿನ್ಯಾಗ ಕುಂತು ರಸ್ತೆ ನೋಡ್ತಾರ. ಎಲ್ಲೆರ ಗಾಡಿ ಹತ್ತಿ ಹೋಗೋಣೇನು?"

ನನಗೆ ಅಷ್ಟು ಸಾಕಾಗಿತ್ತು. ಎಲ್ಲಿ ಬೇಕಾದರೂ ಇಳಿದು ಹತ್ತಬಹುದಾದ ಅಗ್ಗದ ರೈಲು ಪಾಸು ತೆಗೆಸಿದೆ. ವಾಷಿಂಗ್ಟನ್ನಿನಿಂದ ಕ್ಯಾರೊಲೈನಾಗಳನ್ನು ಹಾದು ಅಟ್ಲಾಂಟಾ ತನಕ, ಹೋಟೆಲಿಲ್ಲ, ಕುರ್ಚಿಯಲ್ಲೇ ನಿದ್ದೆ, ಬೆನ್ನಿಗೆ ಒಂದೊಂದು ಚೀಲ. ಕಾಲೇಜು ಹುಡುಗರು ಹೋಗುವ ಹಾಗೆ. ನೋಡಿದವರು ನಗುತ್ತಿದ್ದರು. ನಮ್ಮ ಚೀಲದೊಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ ಇದ್ದದ್ದು ಗೊತ್ತಿದ್ದರೆ ನಗುತ್ತಿರಲಿಲ್ಲ, ಕೈಯೊಡ್ಡುತ್ತಿದ್ದರು.

ಸ್ಟೇಷನ್ನಿಗೆ ಬಿಡಲು ಬಂದ ಸವಿತಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಅಂಕಲ್, ನಿಮ್ಮ ಜೋಕ್ಸ್ ಎಲ್ಲಾ ಓಕೆ. ಆದ್ರ ಅಪ್ಪಾ ಇಂಜೆಕ್ಷನ್ ತಗೊಂಡ ಮ್ಯಾಲೆ ಅರ್ಧ ಗಂಟೆದಾಗ ಊಟ ಮಾಡ್ಲೇಬೇಕು. ಇಲ್ಲಾಂದ್ರ ಶುಗರ್ ಡ್ರಾಪ್ ಆಗಿ ಎಚ್ಚರ ತಪ್ತಾರ. ಹೋದ ವರ್ಷ ಹಂಗ ಆಗಿ ಐಸಿಯುದಾಗ ಇಟ್ಟಿದ್ರು. ಪ್ರಾಮಿಸ್ ಮಾಡ್ರಿ."

"ನಿಮ್ಮಪ್ಪನ್ನ ಹಾಸ್ಟೆಲ್‌ನಲ್ಲಿ ಸಾಕಿದ್ದೇ ನಾನು ಕಣಮ್ಮ. ಅಟ್ಲಾಂಟಾದಿಂದ ವಾಪಸ್ ಬರೋ ಹೊತ್ತಿಗೆ ಎರಡು ಕೇಜಿ ಜಾಸ್ತಿ ಮಾಡಿ ಕೊಡ್ತೀನಿ" ಎಂದು ಎದೆ ತಟ್ಟಿಕೊಂಡೆ.

ಟ್ರೇನು ಹೊರಟ ಮೇಲೆ ನನ್ನ ಆಟ ಶುರುವಾಯಿತು. ಟಿಕೆಟ್ ನೋಡಲು ಬಂದ ಕಂಡಕ್ಟರ್ ಎತ್ತರದ ಹೆಂಗಸು, ಗಂಭೀರ ಮುಖ. ಅವಳಿಗೆ ಗುಟ್ಟಾಗಿ ಹೇಳಿದೆ: ನನ್ನ ಜೊತೆಗಿರುವವರು ಗದಗಿನ ಮಾಜಿ ಮಹಾರಾಜರು, ಯಾರಿಗೂ ಗೊತ್ತಾಗದ ಹಾಗೆ ಪ್ರವಾಸ ಮಾಡುತ್ತಿದ್ದಾರೆ. ಅವಳು ಗುರುಬಸಪ್ಪನ ಹಣೆಯ ವಿಭೂತಿ ನೋಡಿ, ಬಗ್ಗಿ ನಮಸ್ಕಾರ ಮಾಡಿ ಹೋದಳು. ಆಮೇಲೆ ಯಾರೋ ಅವಳಿಗೆ ಸತ್ಯ ಹೇಳಿರಬೇಕು. ಮಧ್ಯಾಹ್ನ ಬಂದಾಗ ನನ್ನ ಕಡೆ ಬೆರಳು ತೋರಿಸಿ, "ನಿನ್ನ ಮೇಲೆ ಕಣ್ಣಿಟ್ಟಿದ್ದೀನಿ" ಎಂದಳು.

ವರ್ಜೀನಿಯಾ ದಾಟಿ ನಾರ್ತ್ ಕ್ಯಾರೊಲೈನಾದೊಳಗೆ ಬಂದೆವು. ಗುರುಬಸಪ್ಪ ಅಂಗಿ ಎತ್ತಿ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಂಡ. ಅವನದೊಂದು ಲೆಕ್ಕ. ಇಂಜೆಕ್ಷನ್ನಿಗೂ ಊಟಕ್ಕೂ ನಡುವಿನ ಸಮಯದಲ್ಲಿ ಇಷ್ಟಲಿಂಗ ಪೂಜೆ. ಪೂಜೆಯಾಗದೆ ಅವನ ಬಾಯಿಗೆ ಏನೂ ಹೋಗುವುದಿಲ್ಲ. ಹಾಸ್ಟೆಲಿನಲ್ಲೂ ಅಷ್ಟೇ, ಎಷ್ಟು ಕೀಟಲೆ ಮಾಡಿದರೂ ಬಿಟ್ಟವನಲ್ಲ. ಆದರೆ ಅವತ್ತು ಬಾಟಲಿಯ ನೀರು ಮುಗಿದಿತ್ತು.

"ಅಲ್ಲೇ ಬಾತ್‌ರೂಮಲ್ಲಿ ನೀರು ಬರತ್ತಲ್ಲೋ" ಎಂದೆ.

"ಪಾಯಖಾನಿ ನಳದ ನೀರು ಲಿಂಗಕ್ಕ ಹಾಕಲೇನು? ನಿನಗ ಬುದ್ಧಿ ಎಂದ ಬರತದೋ ಏನೋ!"

ಅಷ್ಟರಲ್ಲಿ ಟ್ರೇನು ಒಂದು ಸಣ್ಣ ಊರಿನಲ್ಲಿ ನಿಂತಿತು. ಇಟ್ಟಿಗೆಯ ಪುಟ್ಟ ಸ್ಟೇಷನ್. ಸ್ಟೇಷನ್ ಮಾಸ್ತರನೂ ಇಲ್ಲದ ಜಾಗ. ಗೋಡೆಯ ಬದಿಯಲ್ಲಿ ಒಂದು ನಲ್ಲಿ ಕಾಣಿಸಿತು. ಗುರುಬಸಪ್ಪ ಹಿತ್ತಾಳೆ ಚೆಂಬು ಹಿಡಿದು ಎದ್ದ. ಹುಬ್ಬಳ್ಳಿ, ಗುಂತಕಲ್ಲು, ಅರಸೀಕೆರೆ ಎಲ್ಲಾ ಕಡೆ ಇಳಿದು ನೀರು ಹಿಡಿದು, ಟೀ ಕುಡಿದು, ಗಾರ್ಡು ಹಸಿರು ಬಾವುಟ ಬೀಸಿದ ಮೇಲೆ ಓಡಿ ಬಂದು ಹತ್ತಿದವನು. ನಾನೂ ಅಂಥವನೇ. ಹಾಗಾಗಿ ಬೇಡ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಡಬ್ಬಿ ಬಿಚ್ಚಿ, ರೊಟ್ಟಿ ಜೋಡಿಸುತ್ತಾ ಕೂತೆ.

ಟ್ರೇನು ಸದ್ದಿಲ್ಲದೆ ಜಾರಿತು. ಕಿಟಕಿಯಲ್ಲಿ ನೋಡಿದರೆ ಸ್ಟೇಷನ್ನಿನ ಪಕ್ಕದ ಮರದ ಕೆಳಗೆ ಗುರುಬಸಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎಡ ಅಂಗೈ ಎದೆಯ ಮುಂದೆ. ಅಂಗೈಯಲ್ಲಿ ಲಿಂಗ. ಕಣ್ಣು ಮುಚ್ಚಿತ್ತು.

ನಾನು ಕಿಟಕಿ ಬಡಿದೆ. ಅದು ತೆರೆಯುವ ಕಿಟಕಿಯಲ್ಲ. ತಲೆಯ ಮೇಲೆ ಕೈ ಚಾಚಿ ಚೈನ್ ಹುಡುಕಿದೆ. ಚೈನೇ ಇಲ್ಲ! ಬಾಗಿಲಿಗೆ ಓಡಿದೆ, ಮುಚ್ಚಿತ್ತು. ಮರ, ನಲ್ಲಿ, ಅವನು, ಎಲ್ಲಾ ಹಿಂದೆ ಹೋದವು.

ಕಂಡಕ್ಟರಮ್ಮನನ್ನು ಹುಡುಕಿ ಹಿಡಿದೆ. "ನನ್ನ ಫ್ರೆಂಡು ಸ್ಟೇಷನ್‌ನಲ್ಲೇ ಉಳ್ಕೊಂಡ! ಟ್ರೇನ್ ನಿಲ್ಲಿಸಿ!"

ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಓಹೋ. ಈಗ ಮಹಾರಾಜರು ಕಳೆದುಹೋದ್ರಾ?"

ಬಂಧುಗಳೇ, ಜೀವನದಲ್ಲಿ ಮೊದಲ ಬಾರಿ ನನ್ನ ಮಾತನ್ನು ಯಾರಾದರೂ ನಂಬಲಿ ಎಂದು ನಾನು ಅಂಗಲಾಚಿದೆ. ಅವಳು ನಂಬಿದ್ದು ನನ್ನ ಮಾತು ಕೇಳಿ ಅಲ್ಲ. ಅವನ ಸೀಟಿನ ಮೇಲೆ ಬಿದ್ದಿದ್ದ ಸಿರಿಂಜು ನೋಡಿ. "ಇನ್ಸುಲಿನ್ನಾ? ಊಟ ಮಾಡಿದ್ನಾ?" ಎಂದಳು. ನಾನು ಡಬ್ಬಿ ತೋರಿಸಿದೆ. ಅವಳ ಮುಖ ಬದಲಾಯಿತು. ರೇಡಿಯೋ ಕೈಗೆತ್ತಿಕೊಂಡಳು.

ಹಿಂದಕ್ಕೆ ಹೋಗಲು ಆಗುವುದಿಲ್ಲ, ಹಿಂದೆ ಬೇರೆ ಗಾಡಿಗಳಿವೆ. ಆ ಊರಿನ ಪೊಲೀಸರಿಗೆ ಹೇಳಿದ್ದೇವೆ, ಅವರು ನೋಡಿಕೊಳ್ಳುತ್ತಾರೆ. ನೀನು ಮುಂದಿನ ಸ್ಟೇಷನ್ನಿನಲ್ಲಿ ಇಳಿ, ಎಂದಳು. ನಾನು ಎರಡೂ ಚೀಲ ಹೊತ್ತು ಬಾಗಿಲ ಹತ್ತಿರ ನಿಂತೆ. ಮುಂದಿನ ಸ್ಟೇಷನ್ ಬರಲಿ, ಇಳಿದು ಟ್ಯಾಕ್ಸಿ ಹಿಡಿದು ಹಿಂದಕ್ಕೆ ಓಡೋಣ. ಇಷ್ಟೇ ತಲೆಯಲ್ಲಿತ್ತು.

ಆಗ ಟ್ರೇನು ನಿಂತುಬಿಟ್ಟಿತು.

ಸ್ಟೇಷನ್ನಿನಲ್ಲಲ್ಲ. ಎರಡೂ ಕಡೆ ಹತ್ತಿ ಹೊಲ, ಬಿರಿದು ಬೆಳ್ಳಗೆ ನಿಂತ ಕಾಯಿ, ಆಚೆಗೆ ಒಂದು ಖಾಲಿ ರಸ್ತೆ. ಮುಂದೆ ಗೂಡ್ಸ್ ಗಾಡಿಯಂತೆ, ಅದು ಹೋಗುವ ತನಕ ಕಾಯಬೇಕಂತೆ. ಎಷ್ಟು ಹೊತ್ತು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನನಗೆ ಮಾತ್ರ ಗೊತ್ತಿದ್ದದ್ದು ಅವನ ಅರ್ಧ ಗಂಟೆ.

ಅಷ್ಟರಲ್ಲಿ ರೇಡಿಯೋ ಕೂಗಿತು. ಕಂಡಕ್ಟರಮ್ಮ ಕೇಳಿಸಿಕೊಂಡು, ನನ್ನ ಕಡೆ ನೋಡದೆ ಹೇಳಿದಳು: "ಪೊಲೀಸರು ಆ ರೈಲ್ವೆ ಸ್ಟೇಷನ್ ಹತ್ರ ಹೋಗಿ ನೋಡಿದ್ರಂತೆ. ಅಲ್ಲಿ ಯಾರೂ ಇಲ್ಲ. ನಲ್ಲಿ ಹತ್ರ ಒಂದು ಹಿತ್ತಾಳೆ ಪಾತ್ರೆ ಇದೆಯಂತೆ, ಅಷ್ಟೇ."

ಯಾರೂ ಇಲ್ಲ. ತಲೆ ತಿರುಗಿ ಎಲ್ಲೋ ಪೊದೆಯಲ್ಲಿ ಬಿದ್ದನೇ? ಹಳಿಯ ಮೇಲೆ ನಡೆದನೇ? ಸವಿತಾಳಿಗೆ ಯಾವ ಬಾಯಿಂದ ಫೋನ್ ಮಾಡಲಿ? ಬಾಗಿಲ ಬಳಿಯೇ ನೆಲದ ಮೇಲೆ ಕುಕ್ಕರಿಸಿದೆ.

ನಾನು ಹರಕೆ ಹೊರುವ ಜಾತಿಯವನಲ್ಲ. ನಮ್ಮಮ್ಮ ಮಾತ್ರ, ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅರಿಸಿನದ ಬಟ್ಟೆಯಲ್ಲಿ ಕಾಸು ಇಟ್ಟು ನಂಜನಗೂಡಿನ ನಂಜುಂಡೇಶ್ವರನ ಹೆಸರಿನಲ್ಲಿ ಮುಡಿಪು ಕಟ್ಟುತ್ತಿದ್ದಳು. ಕ್ಯಾರೊಲೈನಾದ ಟ್ರೇನಿನಲ್ಲಿ ಅರಿಸಿನ ಎಲ್ಲಿ? ಚಿತ್ರಾನ್ನದ ಡಬ್ಬಿ ತೆಗೆದೆ. ಕರ್ಚೀಫನ್ನು ಅದರಲ್ಲಿ ಉಜ್ಜಿದೆ. ಹಳದಿಯಾಯಿತು, ಜೊತೆಗೆ ಎರಡು ಕಡಲೆಬೇಳೆ ಅಂಟಿಕೊಂಡಿತು. ಕಾಲು ಡಾಲರಿನ ಒಂದು ನಾಣ್ಯ ಇಟ್ಟು ಗಂಟು ಹಾಕಿ ಕಣ್ಣಿಗೊತ್ತಿಕೊಂಡೆ.

"ನಂಜುಂಡಪ್ಪ" ಎಂದೆ, "ಲೋಕದ ವಿಷವನ್ನೆಲ್ಲಾ ಕುಡಿದು ಅರಗಿಸಿಕೊಂಡೋನು ನೀನು. ಆ ಮುದುಕನ ಬಾಯಿಗೆ ಒಂದು ಚಮಚ ಸಕ್ಕರೆ ಹಾಕೋಕೆ ನಿನಗೆ ಕಷ್ಟಾನಾ? ಅವನು ನಿನ್ನನ್ನೇ ಅಂಗೈಲಿ ಇಟ್ಕೊಂಡು ಕೂತಿದ್ದ. ಇನ್ಮೇಲೆ ಯಾರಿಗೂ ಕೀಟಲೆ ಮಾಡಲ್ಲ ಅಂತ ಆಣೆ ಇಡ್ತೀನಿ..." ಅಲ್ಲಿಗೆ ನಿಲ್ಲಿಸಿದೆ. ಅದು ಸುಳ್ಳೆಂದು ನನಗೂ ಗೊತ್ತು, ನಂಜುಂಡಪ್ಪನಿಗೂ ಗೊತ್ತು. ದೇವರಿಗೆ ಸುಳ್ಳು ಹೇಳಿ ಗೆಳೆಯನನ್ನು ಕೊಲ್ಲುವುದು ಬೇಡ ಎನಿಸಿತು. "ಆಣೆ ಬೇಡ. ಮುಡಿಪು ಒಪ್ಪಿಸ್ತೀನಿ. ಮೊದಲು ಈ ಹಾಳು ಟ್ರೇನ್ ಬಿಡಿಸು!"

ಟ್ರೇನು ಅಲುಗಲಿಲ್ಲ. ಮತ್ತೆ ಬೇಡಿಕೊಂಡೆ. ಅಲುಗಲಿಲ್ಲ. ಆಮೇಲೆ ಬೈದೆ. "ಕಿವುಡನಾ ನೀನು? ಒಂದು ಗಾಡಿ ನೂಕೋಕಾಗದವನಿಗೆ ಅಷ್ಟೆತ್ತರದ ಗೋಪುರ ಬೇರೆ!" ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಂಡಕ್ಟರಮ್ಮ ಬಂದು ನನ್ನ ಪಕ್ಕದಲ್ಲಿ ಆ ಕೊಳಕು ನೆಲದ ಮೇಲೆಯೇ ಕೂತಳು. ಭಾಷೆ ಅರ್ಥವಾಗಿರಲಿಲ್ಲ, ಆದರೂ "ಆಮೆನ್" ಎಂದಳು. ನಾನು ಬೈದದ್ದಕ್ಕೆ!

ಗೂಡ್ಸ್ ಗಾಡಿ ಕೊನೆಯಿಲ್ಲದ ಹಾಗೆ ಹೋಯಿತು. ನಮ್ಮ ಟ್ರೇನು ಹೊರಟಿತು. ಮುಂದಿನ ಸ್ಟೇಷನ್ ಬಂದಾಗ, ಅರ್ಧ ಗಂಟೆ ಯಾವಾಗಲೋ ಮುಗಿದುಹೋಗಿದ್ದರಿಂದ, ನನ್ನಲ್ಲಿ ಆಸೆಯೇ ಉಳಿದಿರಲಿಲ್ಲ. ಬಾಗಿಲು ತೆರೆಯಿತು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಗುರುಬಸಪ್ಪ ಕೂತಿದ್ದ. ಪಕ್ಕದಲ್ಲಿ ಚರ್ಚಿಗೆ ಹೋಗುವಾಗ ಹಾಕುವಂಥ ದೊಡ್ಡ ಹ್ಯಾಟು ತೊಟ್ಟ ಕರಿಯ ಅಜ್ಜಿ. ಅವನ ಕೈಯಲ್ಲಿ ಒಂದು ದೊಡ್ಡ ಲೋಟ.

"ಎಷ್ಟೊತ್ತಲೇ!" ಎಂದ. ದನಿ ಸಣ್ಣದಾಗಿತ್ತು, ಅಂಗಿ ಬೆವರಿಗೆ ಒದ್ದೆಯಾಗಿತ್ತು. "ಗಾಡಿಯೊಳಗ ಕುಂತಾವ ನೀ. ಮುಂದ ಬಂದು ಕಾಯಾವ ನಾನೇನು?"

ನಾನು ಅವನ ಮುಖ, ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡಿದೆ. ಅವನೇ ಹೇಳಿದ.

"ಗಾಡಿ ಸಪ್ಪಳ ಕೇಳಿಸ್ತು. ಪೂಜಿ ಅರ್ಧಕ್ಕ ಬಿಟ್ಟು ಓಡಲಿಕ್ಕೆ ಬರತದೇನು? ಹೋದ್ರ ಹೋಗಲಿ, ಇನ್ನೊಂದು ಬರತದ ಅಂದುಕೊಂಡೆ. ಮುಗಿಸಿ ಕಣ್ಣು ತೆರದ್ರ ಬಾಜೂಕ ಈ ತಾಯಿ ಕುಂತಾಳ! ಆಕಿನೂ ಕಣ್ಣು ಮುಚ್ಚ್ಯಾಳ. ತಂಗೀನ ಗಾಡಿ ಹತ್ತಿಸಲಿಕ್ಕೆ ಬಂದಾಕಿ, ನಾ ಪ್ರಾರ್ಥನೆ ಮಾಡೂದು ಕಂಡು ತಾನೂ ಕುಂತಾಳಂತ. ಏಳಲಿಕ್ಕೆ ಹೋದೆ, ಕೈಕಾಲು ಗಡಗಡ. 'ಶುಗರ್, ಶುಗರ್' ಅಂದೆ. ಕಾರಿನ್ಯಾಗ ಕುಂಡ್ರಿಸಿ ಈ ಚಾ ಕುಡಿಸಿದ್ಲು. ಲೇ, ಚಾ ಅಲ್ಲ ಇದು, ಪಾಕ! ಐಸ್ ಹಾಕಿದ ಪಾಕ!"

ಅಜ್ಜಿಯ ಹೆಸರು ಡೋರಾ. ತಂಗಿ ಇದೇ ಟ್ರೇನಿನಲ್ಲಿದ್ದುದರಿಂದ ಅದು ಮುಂದೆ ಎಲ್ಲಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಅವನನ್ನು ಕೂರಿಸಿಕೊಂಡು ಕಾರು ಓಡಿಸಿದ್ದಳು. "ನನ್ನದು ಹಳೇ ಕಾರು. ಟ್ರೇನಿಗಿಂತ ಮುಂಚೆ ತಲುಪೋದು ಸಾಧ್ಯವೇ ಇರಲಿಲ್ಲ" ಎಂದಳು. "ಹತ್ತಿ ಹೊಲದ ಹತ್ತಿರ ನೋಡಿದ್ರೆ ನಿಮ್ಮ ಟ್ರೇನು ಸುಮ್ಮನೆ ನಿಂತಿತ್ತು. ನಾವು ಪಕ್ಕದ ರಸ್ತೆಯಲ್ಲೇ ದಾಟಿ ಬಂದ್ವಿ."

ಆ ಖಾಲಿ ರಸ್ತೆ. ನಾನು ನೆಲದ ಮೇಲೆ ಕೂತು, ಟ್ರೇನು ಬಿಡಿಸು ಎಂದು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾಗ, ನನ್ನ ಗೆಳೆಯ ಅದೇ ಕಿಟಕಿಯಾಚೆ ಸಕ್ಕರೆ ಕುಡಿಯುತ್ತಾ ಮುಂದಕ್ಕೆ ಹೋಗುತ್ತಿದ್ದ. ನಾನು ಕೇಳಿದಂತೆ ಟ್ರೇನು ಹೊರಟಿದ್ದರೆ, ನಾನು ಇಲ್ಲಿಳಿದು ಟ್ಯಾಕ್ಸಿಯಲ್ಲಿ ಹಿಂದಕ್ಕೆ, ಅವನು ಊಟವಿಲ್ಲದೆ ಮುಂದಕ್ಕೆ. ಆ ಒಂದು ಲೋಟ ಟೀ ಅವನನ್ನು ಎಷ್ಟು ಹೊತ್ತು ಕಾಪಾಡುತ್ತಿತ್ತು?

"ಹತ್ತಿ, ಹತ್ತಿ! ಹೊರಡಬೇಕು!" ಕಂಡಕ್ಟರಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ಮಹಾರಾಜರನ್ನೂ ಕರ್ಕೊಂಡು ಬಾ!"

ನಾನು ಗುರುಬಸಪ್ಪನ ಮುಖ ನೋಡಿದೆ. ಕೈ ಇನ್ನೂ ಅದುರುತ್ತಿತ್ತು. ಡಬ್ಬಿ ತೆಗೆದು ಅವನ ತೊಡೆಯ ಮೇಲಿಟ್ಟೆ. ಕಂಡಕ್ಟರಮ್ಮನಿಗೆ ಕೈ ಬೀಸಿ, "ಹೋಗಿ ಬನ್ನಿ ತಾಯಿ, ಮಹಾರಾಜರು ಊಟ ಮಾಡ್ತಿದ್ದಾರೆ" ಎಂದೆ. ಅವಳು ನಕ್ಕು ಬಾಗಿಲು ಹಾಕಿಕೊಂಡಳು. ಡೋರಾ ಅಜ್ಜಿಗೂ ಒಂದು ರೊಟ್ಟಿ ಕೊಟ್ಟೆವು, ಅವಳು ತಲೆ ತಗ್ಗಿಸಿ ಪ್ರಾರ್ಥಿಸಿ, ಚಟ್ನಿಪುಡಿ ಬಾಯಿಗಿಟ್ಟು "ಲಾರ್ಡ್!" ಎಂದು ಕಿರುಚಿದಳು. ಆ ಖಾರದಲ್ಲಿ ನನ್ನ ಕೈವಾಡ ಇರಲಿಲ್ಲ, ಇದು ಸತ್ಯ. ಆ ದಿನ ಅವಳ ಮನೆಯಲ್ಲೇ ಉಳಿದೆವು. ಮರುದಿನ ಅಟ್ಲಾಂಟಾ ಗಾಡಿಗೆ ಅವಳೇ ಹತ್ತಿಸಿದಳು.

ಮುಡಿಪನ್ನು ಆ ಕಡಲೆಬೇಳೆಯ ಸಮೇತ ನಂಜನಗೂಡಿಗೆ ಗುರುಬಸಪ್ಪನ ಕೈಯಲ್ಲೇ ಕಳಿಸಿದೆ. ನಾನಿನ್ನೂ ಪ್ರಸಾದದ ಸಾಲಿನಲ್ಲಿ ಮೊದಲು ನಿಲ್ಲುತ್ತೇನೆ, ನಿಮ್ಮ ಚಪ್ಪಲಿಗಳ ಬಗ್ಗೆ ಹುಷಾರಾಗಿರಿ. ಆದರೆ ಆರತಿಗೂ ಈಗ ಮುಂದೆ ಬರುತ್ತೇನೆ.

ನಂಜುಂಡಪ್ಪ, ಅವತ್ತು ಆಡಿದ ಬೈಗುಳ ಯಾವುದನ್ನೂ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಷ್ಟನ್ನೂ ಕೇಳಿಸಿಕೊಂಡು, ಆ ಟ್ರೇನನ್ನು ಬಿಡದೆ ಹಿಡಿದುಕೊಂಡೆಯಲ್ಲ, ಅದಕ್ಕೇ ನಿನಗೆ ಶರಣು.